ಮಹಿಳಾ ಎಫ್‌ಎ ಕಪ್: ಒಂದು ಋತುವಿನ ಒಳಲೆಕ್ಕ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಮಹಿಳಾ ಎಫ್‌ಎ ಕಪ್ ಎಂದ ಕೂಡಲೇ ಟಿವಿ ನೋಡುವವರಿಗೆ ನೆನಪಾಗುವುದು ವೆಂಬ್ಲಿ ಕ್ರೀಡಾಂಗಣ. 2023ರ ಫೈನಲ್‌ಗೆ ಅಲ್ಲಿ ಸೇರಿದ್ದವರು 77,390 ಮಂದಿ. ಚೆಲ್ಸಿ ತಂಡದ ಸ್ಯಾಮ್ ಕರ್ ಹೊಡೆದ ಒಂದೇ ಗೋಲಿನಿಂದ ಮ್ಯಾಂಚೆಸ್ಟರ್ ಯುನೈಟೆಡ್ ಸೋತಿತು. ಮರುದಿನದ ಪತ್ರಿಕೆಗಳಿಗೆ ಅಷ್ಟು ಸಾಕು. ಆದರೆ ಕಪ್ಪಿನ ಋತು ಶುರುವಾಗುವುದು ಅದಕ್ಕೆ ಎಷ್ಟೋ ತಿಂಗಳು ಮೊದಲು. ಯಾವ ತಂಡ ಯಾವ ಸುತ್ತಿನಲ್ಲಿ ಒಳಗೆ ಬರುತ್ತದೆ, ಚೀಟಿಯಲ್ಲಿ ಯಾರ ಅಂಗಳ ಬರುತ್ತದೆ, ಆ ಭಾನುವಾರ ಅಂಗಳದಲ್ಲಿ ನೀರು ನಿಂತಿದೆಯೇ ಇಲ್ಲವೇ, ಇವೇ ಅರ್ಧ ಕಥೆಯನ್ನು ಬರೆದುಬಿಟ್ಟಿರುತ್ತವೆ. ಇವತ್ತಿನ ಮಾತು ಆ ಅರ್ಧದ ಬಗ್ಗೆ.

ಮೊದಲು ಸಣ್ಣ ಲೆಕ್ಕ. ಸೋತವರು ಹೊರಗೆ ಹೋಗುವ ಯಾವುದೇ ಸ್ಪರ್ಧೆಯಲ್ಲಿ ಒಟ್ಟು ಪಂದ್ಯಗಳು ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ. ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ, ಕೊನೆಗೆ ಉಳಿಯುವುದು ಒಂದೇ. ಈ ಕಪ್ಪಿನ ಮೊದಲ ಋತುವಾದ 1970-71ರಲ್ಲಿ ಹೆಸರು ಕೊಟ್ಟವು 71 ತಂಡಗಳು. ಹಾಗಾದರೆ 70 ಫಲಿತಾಂಶ ಬೇಕು. ತೊಡಕು ಇರುವುದು 71 ಎಂಬ ಸಂಖ್ಯೆಯಲ್ಲಿ. ಪ್ರತಿ ಸುತ್ತಿನಲ್ಲೂ ಸರಿಯಾಗಿ ಅರ್ಧಕ್ಕೆ ಇಳಿಯಬೇಕಾದರೆ 64, 32, 16 ಹೀಗೇ ಹೋಗಬೇಕು. 71ರಿಂದ 64ಕ್ಕೆ ಇಳಿಯಲು ಏಳು ತಂಡಗಳನ್ನು ಕಳೆಯಬೇಕು, ಅಂದರೆ 14 ತಂಡಗಳು ಮೊದಲು ಆಡಬೇಕು, ಮಿಕ್ಕ 57 ತಂಡಗಳು ಆಡದೆಯೇ ಮುಂದೆ ಹೋಗಬೇಕು. ಈ ‘ಬೈ’ಗಳನ್ನೆಲ್ಲ ಮೊದಲ ಸುತ್ತಿನಲ್ಲೇ ಮುಗಿಸಿಬಿಡುವುದು ಜಾಣತನ. ಎರಡನೆಯ, ಮೂರನೆಯ ಸುತ್ತಿಗೆ ತಳ್ಳಿದರೆ, ಒಂದು ತಂಡ ಆಡದೆ ಕ್ವಾರ್ಟರ್ ಫೈನಲ್ ತಲುಪುವ ಪರಿಸ್ಥಿತಿ ಬರುತ್ತದೆ. ಸ್ಥಳೀಯ ಟೂರ್ನಿ ನಡೆಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಆ ಮೊದಲ ಫೈನಲ್ 1971ರ ಮೇ 9ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ರೀಡಾಕೇಂದ್ರದಲ್ಲಿ ನಡೆಯಿತು. ಸೌತಾಂಪ್ಟನ್ ತಂಡ ಸ್ಟುವರ್ಟನ್ ಥಿಸಲ್ ತಂಡವನ್ನು 4-1ರಿಂದ ಸೋಲಿಸಿತು. ಸೋತದ್ದು ಸ್ಕಾಟ್ಲೆಂಡಿನ ತಂಡ, ಆಗ ಪ್ರವೇಶಕ್ಕೆ ಗಡಿಯ ಕಟ್ಟುನಿಟ್ಟು ಇರಲಿಲ್ಲ. ಮೊದಲ ಹನ್ನೊಂದು ಕಪ್‌ಗಳಲ್ಲಿ ಎಂಟನ್ನು ಗೆದ್ದದ್ದು ಸೌತಾಂಪ್ಟನ್. ನಡೆಸುತ್ತಿದ್ದವರು ಮಹಿಳಾ ಫುಟ್‌ಬಾಲ್ ಸಂಘದವರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅಂದರೆ ಎಫ್‌ಎ ಇದನ್ನು ತನ್ನ ಕೈಗೆ ತೆಗೆದುಕೊಂಡದ್ದು 1993ರಲ್ಲಿ.

ಈಗಿನ ಸ್ವರೂಪ ಬೇರೆ. ಎಲ್ಲ ತಂಡಗಳೂ ಒಂದೇ ಬಾಗಿಲಿನಿಂದ ಬರುವುದಿಲ್ಲ. ಕೆಳ ದರ್ಜೆಯ ತಂಡಗಳು ಅರ್ಹತಾ ಸುತ್ತುಗಳಲ್ಲಿ ಬಡಿದಾಡಿ ಬರುತ್ತವೆ, ಮೇಲ್ದರ್ಜೆಯವು ತಡವಾಗಿ ಬರುತ್ತವೆ. 2024-25ರ ಋತುವನ್ನೇ ನೋಡೋಣ. ಎರಡನೆಯ ದರ್ಜೆಯ ತಂಡಗಳು ಮೂರನೆಯ ಸುತ್ತಿಗೆ ಬಂದವು, ಅತಿ ಮೇಲಿನ ದರ್ಜೆಯಾದ ಮಹಿಳಾ ಸೂಪರ್ ಲೀಗಿನ 12 ತಂಡಗಳು ನಾಲ್ಕನೆಯದಕ್ಕೆ. ಮೂರನೆಯ ಸುತ್ತಿನಲ್ಲಿ ಗೆದ್ದ 20 ತಂಡಗಳ ಜತೆ ಈ 12 ಸೇರಿದರೆ 32. ಅಲ್ಲಿಂದ ಮುಂದೆ ಲೆಕ್ಕ ಸಲೀಸು. ಆ ಋತುವಿನಲ್ಲಿ ಕಪ್ ಗೆದ್ದ ಚೆಲ್ಸಿ ಆಡಿದ್ದು ಐದೇ ಪಂದ್ಯ: ಚಾರ್ಲ್‌ಟನ್, ಎವರ್ಟನ್, ಕ್ರಿಸ್ಟಲ್ ಪ್ಯಾಲೆಸ್, ಸೆಮಿಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ 2-1, ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 3-0. ಮೊದಲ ಸುತ್ತಿನಿಂದ ಹೊರಟ ತಂಡಕ್ಕೆ ಇದೇ ಕಪ್ ಎಂಟು ಪಂದ್ಯ ದೂರ. ಅದಕ್ಕೂ ಮೊದಲಿನ ಅರ್ಹತಾ ಸುತ್ತುಗಳು ಬೇರೆ. ಇದು ಅನ್ಯಾಯವೆಂದು ವಾದಿಸುವವರಿದ್ದಾರೆ. ವಾರಕ್ಕೆರಡು ಸಂಜೆ ಅಭ್ಯಾಸ ಮಾಡುವ ತಂಡದ ಮೇಲೆ ಸೆಪ್ಟೆಂಬರಿನಲ್ಲೇ ದೊಡ್ಡ ತಂಡವನ್ನು ಬಿಟ್ಟರೆ ಸ್ಕೋರು ಎರಡಂಕಿ ದಾಟುತ್ತದೆ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಹಾಗಾಗಿ ಈ ಏರ್ಪಾಡು ಸರಿ ಎಂದೇ ನನ್ನ ಅಭಿಪ್ರಾಯ.

ಇನ್ನು ಚೀಟಿ ಎತ್ತುವುದು. ಪ್ರತಿ ತಂಡಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಚೆಂಡು. ಮೊದಲು ಬಂದ ಚೆಂಡಿನ ತಂಡಕ್ಕೆ ತವರಿನ ಅಂಗಳ, ಎರಡನೆಯದು ಅತಿಥಿ. ಆರಂಭದ ಸುತ್ತುಗಳಲ್ಲಿ ತಂಡಗಳನ್ನು ಪ್ರದೇಶವಾರು ಗುಂಪು ಮಾಡಿ ಎತ್ತುತ್ತಾರೆ. ಇಲ್ಲದಿದ್ದರೆ ಹವ್ಯಾಸಿ ತಂಡವೊಂದು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸು ಹಿಡಿದು ಹೋಗಬೇಕಾದೀತು. ಇದರ ಅಡ್ಡಪರಿಣಾಮವೆಂದರೆ ಅಕ್ಕಪಕ್ಕದ ಊರಿನ ತಂಡಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಮೇಲಿನ ಸುತ್ತುಗಳಲ್ಲಿ ಗುಂಪೂ ಇಲ್ಲ, ಶ್ರೇಯಾಂಕವೂ ಇಲ್ಲ. ಎರಡು ದೈತ್ಯ ತಂಡಗಳು ಬೇಗನೆ ಮುಖಾಮುಖಿಯಾದರೆ ಒಂದು ಮನೆಗೆ ಹೋಗಲೇಬೇಕು. 14 ಬಾರಿ ಕಪ್ ಗೆದ್ದಿರುವ ಆರ್ಸೆನಲ್ 2024ರ ಫೆಬ್ರವರಿಯಲ್ಲಿ ಐದನೆಯ ಸುತ್ತಿನಲ್ಲೇ ಮ್ಯಾಂಚೆಸ್ಟರ್ ಸಿಟಿಗೆ 0-1ರಿಂದ ಸೋತು ಹೊರಬಿತ್ತು. ಆ ವರ್ಷದ ಫೈನಲ್‌ನಲ್ಲಿ ಆಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಟಾಟನ್‌ಹ್ಯಾಮ್. 4-0ರಿಂದ ಗೆದ್ದ ಯುನೈಟೆಡ್‌ಗೆ ಅದು ಮೊದಲ ಕಪ್.

ತವರಿನ ಅಂಗಳ ಎಂದೆನಲ್ಲ, ಈ ಕಪ್ಪಿನ ಮಟ್ಟಿಗೆ ಅದು ಬರೀ ಅನುಕೂಲದ ಮಾತಾಗಿ ಉಳಿದಿಲ್ಲ. 1921ರ ಡಿಸೆಂಬರ್ 5ರಂದು ಎಫ್‌ಎ ಮಹಿಳೆಯರ ಆಟವನ್ನು ತಡೆದದ್ದು ಅಂಗಳದ ಮೂಲಕವೇ. ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಮಹಿಳೆಯರ ಪಂದ್ಯಕ್ಕೆ ಕೊಡಬಾರದೆಂದು ಆದೇಶಿಸಿತು. ಅದಕ್ಕೆ ಒಂದು ವರ್ಷದ ಹಿಂದಷ್ಟೇ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಆದೇಶದ ನಂತರ ಆಟ ನಿಲ್ಲಲಿಲ್ಲ. ಗ್ಯಾಲರಿ, ಟಿಕೆಟ್ ಕಿಟಕಿ, ಒಳ್ಳೆಯ ಹುಲ್ಲು ಮಾತ್ರ ಕೈತಪ್ಪಿ, ತಂಡಗಳು ಸಾರ್ವಜನಿಕ ಉದ್ಯಾನಗಳಿಗೂ ಬೇರೆ ಆಟಗಳ ಮೈದಾನಗಳಿಗೂ ಸರಿದವು. ನಿಷೇಧ ತೆರವಾಗಲು ಸುಮಾರು ಐವತ್ತು ವರ್ಷ ಹಿಡಿಯಿತು. ಕೋವಿಡ್‌ನಿಂದ ಮುಂದಕ್ಕೆ ಹೋದ 2020-21ರ ಫೈನಲ್ ನಡೆದದ್ದು 2021ರ ಡಿಸೆಂಬರ್ 5ರಂದು, ಆದೇಶಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ದಿನ. ವೆಂಬ್ಲಿಯಲ್ಲಿ ಚೆಲ್ಸಿ ಆರ್ಸೆನಲ್ ತಂಡವನ್ನು 3-0ರಿಂದ ಸೋಲಿಸಿತು. ಆ ವೆಂಬ್ಲಿಗೂ ಮಹಿಳಾ ಫೈನಲ್ ಮೊದಲ ಸಲ ಬಂದದ್ದು 2015ರಲ್ಲಿ. ಅದೂ ಆಗಸ್ಟ್ 1ರಂದು, ಏಕೆಂದರೆ ಮಹಿಳಾ ಲೀಗ್ ಆಗ ಬೇಸಿಗೆಯಲ್ಲಿ ನಡೆಯುತ್ತಿತ್ತು.

ಲೀಗ್ ಮತ್ತೆ ಚಳಿಗಾಲಕ್ಕೆ ಮರಳಿದ ಮೇಲೆ ಕಪ್ಪಿನ ನಡುವಿನ ಸುತ್ತುಗಳೂ ಡಿಸೆಂಬರ್, ಜನವರಿಗಳಿಗೆ ಬಂದು ಬಿದ್ದವು. ಅಲ್ಲಿನ ಆ ತಿಂಗಳುಗಳೆಂದರೆ ಮಳೆ, ಹಿಮಗಡ್ಡೆ. ಬಸಿಗಾಲುವೆ ಇಲ್ಲದ ಬಾಡಿಗೆ ಮೈದಾನಗಳಲ್ಲಿ ಆಡುವ ಸಣ್ಣ ಕ್ಲಬ್‌ಗಳಿಗೆ ಇದೇ ದೊಡ್ಡ ತಲೆನೋವು. ಪಂದ್ಯದ ದಿನ ಬೆಳಗ್ಗೆ ರೆಫರಿ ಬಂದು ಅಂಗಳ ನೋಡುವ ಕ್ರಮ ಹೀಗೆ. ಮೊದಲು ಎರಡೂ ಗೋಲಿನ ಬಾಯಿ, ಮಧ್ಯದ ವೃತ್ತ, ಮೂಲೆಗಳು. ಹೆಚ್ಚು ತುಳಿತ ಬೀಳುವ ಕಡೆಯೇ ನೀರು ಮೊದಲು ನಿಲ್ಲುತ್ತದೆ. ಚೆಂಡನ್ನು ಎದೆಯೆತ್ತರದಿಂದ ಬಿಡುತ್ತಾರೆ. ಪುಟಿಯದೆ ಬಿದ್ದಲ್ಲೇ ಕೂತರೆ ಅದು ಕೆಟ್ಟ ಸೂಚನೆ. ಆಮೇಲೆ ನೆಲಕ್ಕೆ ತಾಗಿಸಿ ಉರುಳಿಸುತ್ತಾರೆ. ನೀರು ಚಿಮ್ಮಿಸಿ ನಡುದಾರಿಯಲ್ಲಿ ಗಕ್ಕನೆ ನಿಂತರೆ ಪಾಸ್ ಮಾಡುವ ಆಟ ಅಲ್ಲಿ ಸಾಧ್ಯವಿಲ್ಲ. ಹೆಪ್ಪುಗಟ್ಟಿದ ನೆಲವಾದರೆ ಪರೀಕ್ಷೆ ಬೇರೆ. ಬೂಟಿನ ಹಿಮ್ಮಡಿ ಊರಿ ಒತ್ತುತ್ತಾರೆ, ಮೊಳೆ ಇಳಿಯದಿದ್ದರೆ ಆಡಿಸುವಂತಿಲ್ಲ. ಅತಿ ಮೋಸದ ಅಂಗಳವೆಂದರೆ ಅರ್ಧ ಬಿಸಿಲಿಗೆ ಕರಗಿ, ಗ್ಯಾಲರಿಯ ನೆರಳು ಬೀಳುವ ಇನ್ನರ್ಧ ಗಟ್ಟಿಯಾಗಿಯೇ ಉಳಿದದ್ದು. ಒಂದೇ ಓಟದಲ್ಲಿ ಎರಡು ಬಗೆಯ ನೆಲ ಸಿಕ್ಕಿದರೆ ಮೊಣಕಾಲು ತಿರುಚುತ್ತದೆ.

ಇಲ್ಲಿ ತಪ್ಪಾಗುವುದು ಹೆಚ್ಚಾಗಿ ಸಮಯದಲ್ಲಿ. ಅತಿಥಿ ತಂಡ ಬಸ್ಸು ಹತ್ತಿದ ಮೇಲೆ ಪಂದ್ಯ ರದ್ದಾದರೆ ಬಾಡಿಗೆ ಹಣ ನೀರುಪಾಲು, ಜತೆಗೆ ಕೆಲಸಕ್ಕೆ ರಜೆ ಹಾಕಿ ಬಂದ ಆಟಗಾರ್ತಿಯರ ರಜೆಯೂ ಹೋಯಿತು. ಹವಾಮಾನ ಕೆಟ್ಟಿರುವಾಗ ಹಿಂದಿನ ದಿನವೇ ಒಮ್ಮೆ ಪರಿಶೀಲಿಸಿ, ಕೃತಕ ಹುಲ್ಲಿನ ಬದಲಿ ಅಂಗಳವೊಂದನ್ನು ಮೊದಲೇ ಮಾತಾಡಿಟ್ಟುಕೊಂಡ ಕಾರ್ಯದರ್ಶಿ ಬುದ್ಧಿವಂತ. ಪಂದ್ಯ ಒಂದು ವಾರ ಮುಂದಕ್ಕೆ ಹೋದರೆ ಅದರ ಹಿಂದೆಯೇ ಲೀಗ್ ಪಂದ್ಯವೂ ಮುಂದಕ್ಕೆ ಸರಿಯುತ್ತದೆ, ಮುಂದಿನ ಸುತ್ತು ಹತ್ತಿರ ಬರುತ್ತದೆ. ಹಿಂದಿನ ಕಾಲದಂತೆ ಸಮವಾದರೆ ಮರುಪಂದ್ಯ ಎನ್ನುವ ಪದ್ಧತಿಗೆ ಈ ಪಂಚಾಂಗದಲ್ಲಿ ಜಾಗವಿಲ್ಲ. 1918ರಲ್ಲಿ ಮದ್ದುಗುಂಡು ಕಾರ್ಖಾನೆಗಳ ಹೆಣ್ಣುಮಕ್ಕಳ ಕಪ್ ಫೈನಲ್ ಮೊದಲ ಸಲ 0-0 ಆಗಿ, ಮರುಪಂದ್ಯದಲ್ಲಿ ಬ್ಲೈತ್ ಸ್ಪಾರ್ಟನ್ಸ್ 5-0ರಿಂದ ಗೆದ್ದಿತ್ತು. ಇವತ್ತಾದರೆ ಅದೇ ಸಂಜೆ ಪೆನಾಲ್ಟಿಯಲ್ಲಿ ಮುಗಿದುಹೋಗುತ್ತಿತ್ತು.

ಅಂಗಳದಲ್ಲಿ ಗೆದ್ದು ಕಾಗದದಲ್ಲಿ ಸೋಲುವುದೂ ಉಂಟು. ತಂಡದ ಪಟ್ಟಿ ಕೊಡುವ ಮುನ್ನ ಪ್ರತಿ ಹೆಸರಿಗೂ ಮೂರು ಪ್ರಶ್ನೆ ಕೇಳಬೇಕು. ನೋಂದಣಿ ಗಡುವಿನೊಳಗೆ ಆಗಿದೆಯೇ? ಅಮಾನತು ಬಾಕಿ ಇದೆಯೇ? ಇದೇ ಋತುವಿನ ಕಪ್‌ನಲ್ಲಿ ಬೇರೆ ತಂಡದ ಪರವಾಗಿ ಈಗಾಗಲೇ ಆಡಿದ್ದಾಳೆಯೇ? ಕಪ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಬ್ಬಳು ಒಂದು ಋತುವಿನಲ್ಲಿ ಒಂದೇ ತಂಡಕ್ಕೆ ಆಡಬಹುದು. ಹೆಚ್ಚಿನ ತಂಡಗಳು ಮುಗ್ಗರಿಸುವುದು ಈ ಮೂರನೆಯ ಪ್ರಶ್ನೆಯಲ್ಲೇ, ಏಕೆಂದರೆ ನಡುವೆ ಕ್ಲಬ್ ಬದಲಿಸಿದವಳು ಅರ್ಹತಾ ಸುತ್ತಿನಲ್ಲಿ ಹತ್ತು ನಿಮಿಷ ಬದಲಿಯಾಗಿ ಇಳಿದದ್ದು ಯಾರಿಗೂ ನೆನಪಿರುವುದಿಲ್ಲ. ಎದುರಾಳಿ ದೂರು ಕೊಟ್ಟು ಅದು ಸಾಬೀತಾದರೆ, ಐದು ಗೋಲಿನಿಂದ ಗೆದ್ದಿದ್ದರೂ ಸ್ಪರ್ಧೆಯಿಂದಲೇ ಹೊರಬೀಳಬಹುದು.

ಈಗ ಸಮವಾದ ಪಂದ್ಯದ ಮಾತು. ತೊಂಬತ್ತು ನಿಮಿಷ ಮುಗಿದ ಮೇಲೆ, ಹೆಚ್ಚುವರಿ ಅವಧಿ ಇರುವ ಸುತ್ತಾದರೆ 15 ನಿಮಿಷದ ಎರಡು ಭಾಗ. ಆಗಲೂ ತೀರ್ಮಾನವಾಗದಿದ್ದರೆ ಶೂಟೌಟ್, ಅಂದರೆ ಎರಡೂ ತಂಡಗಳು ಸರದಿಯಂತೆ ಐದೈದು ಪೆನಾಲ್ಟಿ ಒದೆಯುವುದು. ನಾಣ್ಯ ಎರಡು ಬಾರಿ ಚಿಮ್ಮುತ್ತದೆ. ಮೊದಲನೆಯದು ಯಾವ ಗೋಲು ಎನ್ನುವುದಕ್ಕೆ, ಎರಡನೆಯದು ಯಾರು ಮೊದಲು ಎನ್ನುವುದಕ್ಕೆ. ಎರಡನೆಯದರಲ್ಲಿ ಗೆದ್ದ ನಾಯಕಿ ತಾನು ಮೊದಲು ಒದೆಯುವುದೋ ನಂತರವೋ ಎಂದು ಆರಿಸುತ್ತಾಳೆ. ಆಟ ಮುಗಿದಾಗ ಅಂಗಳದಲ್ಲಿದ್ದವರಿಗೆ ಮಾತ್ರ ಒದೆಯುವ ಹಕ್ಕು. ಹಾಗಾಗಿ ಒಳ್ಳೆಯ ಪೆನಾಲ್ಟಿ ಹೊಡೆಯುವವಳನ್ನು ಸುಸ್ತಾಗಿದ್ದಾಳೆಂದು 115ನೆಯ ನಿಮಿಷದಲ್ಲಿ ಹೊರಗೆ ಕರೆದ ಕೋಚ್‌ಗೆ ಐದೇ ನಿಮಿಷದಲ್ಲಿ ಪಶ್ಚಾತ್ತಾಪ. ಒಂದು ತಂಡದಲ್ಲಿ ಯಾರಾದರೂ ಕೆಂಪು ಕಾರ್ಡ್ ಕಂಡು ಹತ್ತೇ ಮಂದಿ ಉಳಿದಿದ್ದರೆ, ಇನ್ನೊಂದು ತಂಡವೂ ಒಬ್ಬಳನ್ನು ಬಿಟ್ಟು ಹತ್ತಕ್ಕೆ ಇಳಿಯಬಹುದು. ಜಾಣ ಕೋಚ್ ತನ್ನ ಅತಿ ದುರ್ಬಲ ಒದೆತದವಳನ್ನು ಬಿಡುತ್ತಾನೆ.

ಒದೆಯುವ ಗುರುತಿನಿಂದ ಗೋಲಿಗೆ ದೂರ 11 ಮೀಟರ್, ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಒದೆಯುವ ಕ್ಷಣದಲ್ಲಿ ಗೋಲ್‌ಕೀಪರಿನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಹಿಂದೆ ಇರಲೇಬೇಕು. ಮುಂಚೆಯೇ ಮುಂದಕ್ಕೆ ಜಿಗಿದು ಚೆಂಡು ತಡೆದರೆ ಮತ್ತೆ ಒದೆಸುತ್ತಾರೆ; ಮೊದಲ ಸಲ ಎಚ್ಚರಿಕೆ, ಮರುಕಳಿಸಿದರೆ ಹಳದಿ ಕಾರ್ಡ್. ಆಟದ ವೇಳೆ ಪಡೆದ ಹಳದಿ ಕಾರ್ಡ್ ಶೂಟೌಟಿನ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟೋ ವೀಕ್ಷಕ ವಿವರಣೆಗಾರರೂ ಇದನ್ನು ಮರೆಯುತ್ತಾರೆ. ಐದೈದು ಒದೆತ ಪೂರ್ತಿಯಾಗಲೇಬೇಕೆಂದೂ ಇಲ್ಲ. ಮೂರು ಮೂರು ಮುಗಿದಾಗ 3-0 ಆಗಿದ್ದರೆ, ಉಳಿದ ಎರಡನ್ನೂ ಹಾಕಿದರೂ ಮುಟ್ಟಲಾಗದು, ಅಲ್ಲಿಗೇ ಮುಕ್ತಾಯ. ಐದರ ನಂತರವೂ ಸಮವಿದ್ದರೆ ಒಂದೊಂದರಂತೆ ಮುಂದುವರಿಯುತ್ತದೆ, ಗೋಲ್‌ಕೀಪರ್ ಸೇರಿ ಎಲ್ಲರೂ ಒಮ್ಮೆ ಒದೆಯುವವರೆಗೆ ಯಾರಿಗೂ ಎರಡನೆಯ ಅವಕಾಶವಿಲ್ಲ. ಕೋಚ್‌ಗಳು ಐದು ಹೆಸರು ಬರೆದಿಟ್ಟು ಸುಮ್ಮನಾಗುತ್ತಾರೆ. ಆರನೆಯವಳು ಯಾರೆಂದು ಅಂಗಳದ ಮಧ್ಯೆ ಚರ್ಚೆ ಶುರುವಾದರೆ ಅರ್ಧ ಸೋತಂತೆಯೇ. ಹನ್ನೊಂದು ಹೆಸರೂ ಮೊದಲೇ ಕಾಗದದ ಮೇಲಿರಬೇಕು.

ಕೊನೆಗೆ ದುಡ್ಡು. 2021-22ರಲ್ಲಿ ಕಪ್ ಗೆದ್ದ ಮಹಿಳಾ ತಂಡಕ್ಕೆ ಸಿಕ್ಕಿದ್ದು 25,000 ಪೌಂಡ್. ಅದೇ ವರ್ಷ ಪುರುಷರ ಎಫ್‌ಎ ಕಪ್ ಗೆದ್ದವರಿಗೆ 18 ಲಕ್ಷ. ಮಹಿಳೆಯರ ಇಡೀ ಸ್ಪರ್ಧೆಯ ಬಹುಮಾನ ನಿಧಿಯೇ 4,28,915 ಪೌಂಡ್ ಇತ್ತು. ಇದರ ಮೇಲೆ ಗದ್ದಲವೆದ್ದು, 2022-23ರಲ್ಲಿ ನಿಧಿ 30 ಲಕ್ಷ ಪೌಂಡಿಗೆ ಏರಿತು, ಆ ವರ್ಷ ಗೆದ್ದ ತಂಡಕ್ಕೆ ಸಿಕ್ಕಿದ್ದು ಒಂದು ಲಕ್ಷ. ಚೆಲ್ಸಿಯಂಥ ಕ್ಲಬ್‌ಗೆ ಈ ಮೊತ್ತ ಲೆಕ್ಕಕ್ಕಿಲ್ಲ. ಆದರೆ ಎರಡನೆಯ ಸುತ್ತಿನಲ್ಲಿ ಸೋಲುವ ಕ್ಲಬ್‌ಗೆ ಒಂದು ಸುತ್ತಿನ ಬಹುಮಾನವೆಂದರೆ ಬಸ್ಸಿನ ಬಾಡಿಗೆ, ರೆಫರಿಗಳ ಭತ್ಯೆ, ಫಿಸಿಯೋಥೆರಪಿಸ್ಟಿನ ಒಂದು ದಿನದ ಸಂಬಳ. ಮುಂದಿನ ಋತುವಿನ ಅರ್ಜಿ ತುಂಬುವಾಗ ಅಂಥ ಕ್ಲಬ್ಬಿನ ಖಜಾಂಚಿ ವೆಂಬ್ಲಿಯ ಮಾತೆತ್ತುವುದಿಲ್ಲ. ಮೊದಲ ಸುತ್ತಿನಲ್ಲಿ ಗೆದ್ದರೆ ಎಷ್ಟು, ಸೋತರೆ ಎಷ್ಟು ಎಂದು ಕೇಳುತ್ತಾನೆ.

ನಮಸ್ಕಾರ.