ರೂಬಿನ್‌ಸ್ಟೈನ್ ಗಳಿಸಿದ ಎರಡು ನಡೆಗಳು

ಆತ್ಮೀಯ ಕೇಳುಗರೇ, ನಮಸ್ಕಾರ.

ಚದುರಂಗದಲ್ಲಿ ರಕ್ಷಣೆ ಎಂದರೆ ಕೋಟೆಯ ಬಾಗಿಲು ಹಾಕಿಕೊಂಡು ಕೂರುವುದೆಂದು ತಿಳಿದವರೇ ಹೆಚ್ಚು. ಆ ತಿಳಿವಳಿಕೆಯನ್ನು ಬುಡಮೇಲು ಮಾಡಿದ ಆಟವೊಂದು 1907ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಪೋಲೆಂಡಿನ ವುಚ್ ನಗರದ ಪಂದ್ಯಾವಳಿಯಲ್ಲಿ ನಡೆಯಿತು. ಬಿಳಿಯ ಕಾಯಿಗಳು ರಾಟ್ಲೆವಿಯವರವು, ಕಪ್ಪು ಕಾಯಿಗಳು ಪೋಲೆಂಡಿನ ಆಟಗಾರ ಅಕಿಬಾ ರೂಬಿನ್‌ಸ್ಟೈನ್ ಅವರವು. ರೂಬಿನ್‌ಸ್ಟೈನ್ ಆರಿಸಿಕೊಂಡದ್ದು ಜರ್ಮನಿಯ ವೈದ್ಯ, ಚದುರಂಗ ಆಟಗಾರ ಟಾರಾಶ್ ಅವರ ಹೆಸರಿನ ರಕ್ಷಣೆ, ಎಂದರೆ ಕಪ್ಪು ಕಾಯಿಗಳಿಂದ ಆಟ ಆರಂಭಿಸುವ ಒಂದು ಕ್ರಮ. ರಾಣಿಯ ಮುಂದಿನ ಕಾಲಾಳು ಅಕ್ಕಪಕ್ಕದ ಸಾಲುಗಳಲ್ಲಿ ಜೊತೆಗಾರ ಕಾಲಾಳುಗಳಿಲ್ಲದೆ ಒಂಟಿಯಾದರೂ ಚಿಂತೆಯಿಲ್ಲ, ಉಳಿದ ಕಾಯಿಗಳಿಗೆ ಓಡಾಡಲು ದಾರಿ ಸಿಗಬೇಕು ಎಂಬುದು ಅದರ ತಿರುಳು. ಈ ಆಟದಲ್ಲಿ ಆ ಒಂಟಿತನವೂ ಬರಲಿಲ್ಲ.

ಜನ ಮೆಚ್ಚುವುದು ಕೊನೆಯ ಬಲಿದಾನಗಳನ್ನು. ಆದರೆ ಆಟ ತಿರುಗಿದ್ದು ಅದಕ್ಕೂ ಬಹಳ ಮೊದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಳಿಯ ರಾಣಿ ಹತ್ತನೆಯ ನಡೆಯಲ್ಲಿ ಒಂದು ಮನೆಗೆ ಬಂದು, ಹದಿನಾಲ್ಕನೆಯದರಲ್ಲಿ ಪಕ್ಕದ ಮನೆಗೆ ಸರಿಯಿತು. ಬಿಳಿಯ ಒಂಟೆ ಮೂರು ನಡೆ ವ್ಯಯಿಸಿ ಮೊದಲು ನಿಂತ ಮನೆಗೇ ಮರಳಿತು. ಹದಿನೈದನೆಯ ನಡೆಯಲ್ಲಿ ಬಿಳಿ ಕ್ಯಾಸಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು) ಮಾಡಿದ ಗಳಿಗೆಯ ಹಲಗೆಯನ್ನು ಕಣ್ಣಮುಂದೆ ತಂದುಕೊಳ್ಳಿ: ಎರಡೂ ಪಡೆಗಳು ಕನ್ನಡಿಯ ಬಿಂಬದಂತೆ ನಿಂತಿವೆ, ಆದರೆ ಕಪ್ಪು ಆನೆಯೊಂದು ಆಗಲೇ ಕಾಲಾಳುಗಳಿಲ್ಲದೆ ತೆರೆದ ಡಿ ಸಾಲಿಗೆ, ಅಂದರೆ ಆಟದ ಆರಂಭದಲ್ಲಿ ರಾಣಿಗಳು ನಿಲ್ಲುವ ಉದ್ದಸಾಲಿಗೆ, ಬಂದಾಗಿದೆ, ನಡೆಯುವ ಸರದಿಯೂ ಕಪ್ಪಿನದೇ. ಇವೇ ರೂಬಿನ್‌ಸ್ಟೈನ್ ಗಳಿಸಿದ ಎರಡು ನಡೆಗಳು.

ಇಷ್ಟು ಹಿಂದೆ ಬಿದ್ದ ಬಿಳಿ, ತಾನೇ ಮುಂದಿರುವಂತೆ ಕಾಲಾಳುಗಳನ್ನು ನುಗ್ಗಿಸಿ ತನ್ನ ರಾಜನತ್ತ ದಾರಿಗಳನ್ನು ತೆರೆಯಿತು. ಕಪ್ಪಿನ ಎರಡು ಒಂಟೆಗಳೂ ಕರ್ಣರೇಖೆಗಳಲ್ಲಿ ಆ ರಾಜನತ್ತಲೇ ಗುರಿಯಿಟ್ಟವು. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಜೀ ಪಂದ್ಯಾವಳಿಯಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿಗಳಿಂದ ಅರ್ಮೇನಿಯಾದ ಗ್ರ್ಯಾಂಡ್‌ಮಾಸ್ಟರ್ ಅರೋನಿಯನ್ ಅವರನ್ನು 23 ನಡೆಗಳಲ್ಲಿ ಮಣಿಸಿದಾಗ ಬಲ್ಲವರಿಗೆಲ್ಲ ನೆನಪಾದದ್ದು ಇದೇ ಜೋಡಿ ಒಂಟೆಗಳ ಆಟ.

ಇಪ್ಪತ್ತೆರಡನೆಯ ನಡೆ. ಬಿಳಿಯ ಕಾಲಾಳು ಕಪ್ಪು ರಾಣಿಯನ್ನು ಹೊಡೆಯಲು ಬಂದು ನಿಂತಿದೆ. ರೂಬಿನ್‌ಸ್ಟೈನ್ ರಾಣಿಯನ್ನು ಮುಟ್ಟದೆ, ಆನೆಯಿಂದ ಬಿಳಿಯ ಕುದುರೆಯನ್ನು ಹೊಡೆದರು. ಆ ಆನೆಯನ್ನು ಒಂಟೆಯಿಂದ ಹೊಡೆದರೆ ಎರಡೇ ನಡೆಗಳಲ್ಲಿ ಮಾತ್. ಹಾಗಾಗಿ ರಾಟ್ಲೆವಿ ರಾಣಿಯನ್ನೇ ತೆಗೆದುಕೊಂಡರು. ಆಗ ಎರಡನೆಯ ಆನೆ ನೇರವಾಗಿ ಬಿಳಿಯ ರಾಣಿಯ ಬಾಯಿಗೇ ಹೋಗಿ ನಿಂತಿತು. ರಾಣಿ ಅದನ್ನು ಹೊಡೆದದ್ದೇ ತಡ, ಅದುವರೆಗೆ ಆ ರಾಣಿಯ ಕಾವಲಿನಲ್ಲಿದ್ದ ಬಿಳಿಯ ಒಂಟೆಯನ್ನು ಕಪ್ಪಿನ ಒಂಟೆ ರಾಜನಿಗೆ ಶಹ (ಚೆಕ್) ಕೊಡುತ್ತಲೇ ಕಬಳಿಸಿತು. ಬಿಳಿಯ ರಾಣಿ ಅಡ್ಡ ಬಂದು, ಪಕ್ಕಕ್ಕೆ ಸರಿದರೆ ರಾಜ ಶಹಕ್ಕೆ ಸಿಗುವಂತಾಗಿ, ರಾಜನ ಪಕ್ಕದಲ್ಲೇ ಕಟ್ಟುಬಿತ್ತು. ಇಪ್ಪತ್ತೈದನೆಯ ನಡೆಯಲ್ಲಿ ಕಪ್ಪಿನ ಉಳಿದೊಂದು ಆನೆ ಬಿಳಿಯ ರಾಜ ನಿಂತಿದ್ದ ಅಂಚಿನ ಎಚ್ ಸಾಲಿಗೆ ಸರಿದಾಗ, ಹಲಗೆಯ ಮೇಲೆ ಹೆಚ್ಚು ಬಲವಿದ್ದ ಬಿಳಿಗೆ ಒಂದೇ ಒಂದು ಉತ್ತರವೂ ಇರಲಿಲ್ಲ, ರಾಟ್ಲೆವಿ ಸೋಲೊಪ್ಪಿದರು.