ಸೆಕ್ರೆಟೇರಿಯಟ್ ಆ ದಿನ ಯಾಕೆ ಸೋತಿತು?

ಚಾಮುಂಡಿ ಬೆಟ್ಟದಿಂದ ಕೆಳಗೆ ನೋಡಿದರೆ ಹಸಿರಾಗಿ, ಮೊಟ್ಟೆ ಆಕಾರದಲ್ಲಿ ಕಾಣ್ತಿದೆಯಲ್ಲ, ಅದೇ ನಮ್ಮ ಮೈಸೂರಿನ ರೇಸ್ ಕೋರ್ಸ್. ರೇಸ್ ಅಂದ ತಕ್ಷಣ ಜಾಸ್ತಿ ಜನ ದುಡ್ಡಿನ ಮಾತು ಎತ್ತುತ್ತಾರೆ. ನನಗೆ ಬೇಕಾಗಿರೋದು ಕುದುರೆ. ಅದರಲ್ಲೂ ಸೆಕ್ರೆಟೇರಿಯಟ್ ಅನ್ನೋ ಕುದುರೆ.

1970ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಕೆಂದು ಥರೋಬ್ರೆಡ್ (ರೇಸಿಗೆ ಅಂತಲೇ ಬೆಳೆಸೋ ತಳಿ) ಅದು. ಮೊದಲ ರೇಸ್‌ನಲ್ಲಿ ಶುರುವಿನಲ್ಲೇ ಬೇರೆ ಕುದುರೆ ಗುದ್ದಿ, ನಾಲ್ಕನೆಯದಾಗಿ ಬಂತು. ಆಮೇಲೆ ಗೆಲುವಿನ ಮೇಲೆ ಗೆಲುವು.

1973ರ ಏಪ್ರಿಲ್‌ನಲ್ಲಿ ವುಡ್ ಮೆಮೋರಿಯಲ್ ರೇಸ್. ಎಲ್ಲರೂ ಇದೇ ಗೆಲ್ಲುತ್ತೆ ಅಂದುಕೊಂಡಿದ್ದರು. ಬಂದಿದ್ದು ಮೂರನೇ ಸ್ಥಾನ. ಇದರ ಕಥೆ ಮುಗೀತು ಅಂತ ಪತ್ರಿಕೆಯವರು ಮಾತಾಡಿದರು. ನಿಜವಾದ ಕಾರಣ ಬಾಯಲ್ಲಿತ್ತು. ಮೇಲ್ತುಟಿಯ ಒಳಗೆ ಕೀವು ತುಂಬಿದ ಕುರು. ಸ್ವಲ್ಪ ಯೋಚನೆ ಮಾಡಿ. ಕುದುರೆಯ ಬಾಯಲ್ಲಿ ಕಬ್ಬಿಣದ ಕಡಿವಾಣ ಇರುತ್ತೆ. ಜಾಕಿ ಲಗಾಮು ಎಳೆದಾಗಲೆಲ್ಲ ಆ ನೋವು. ಮೂಕ ಪ್ರಾಣಿ, ಯಾರಿಗೆ ಹೇಳಬೇಕು?

ಕುರು ವಾಸಿಯಾಯಿತು. ಎರಡೇ ವಾರಕ್ಕೆ ಕೆಂಟಕಿ ಡರ್ಬಿ ಅನ್ನೋ ದೊಡ್ಡ ರೇಸ್. ಮಾಮೂಲಿಯಾಗಿ ಕುದುರೆಗಳು ಕೊನೆಯಲ್ಲಿ ಸುಸ್ತಾಗುತ್ತವೆ, ಅಲ್ವಾ? ಇದು ಪ್ರತಿ ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ಬೇಗ ಓಡಿತು. ಮೊದಲ ಕಾಲು ಮೈಲಿಗೆ 25 ಸೆಕೆಂಡಿಗಿಂತ ಜಾಸ್ತಿ, ಕೊನೆಯದಕ್ಕೆ 23! ಆಮೇಲೆ ಪ್ರೀಕ್‌ನೆಸ್ ರೇಸ್ ಕೂಡ ಗೆದ್ದಿತು. ಜೂನ್ 9ಕ್ಕೆ ಬೆಲ್ಮಾಂಟ್ ರೇಸ್, ಒಂದೂವರೆ ಮೈಲಿ. 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೇ ಕುದುರೆ 31 ಕುದುರೆ ಉದ್ದದಷ್ಟು ಹಿಂದಿತ್ತು. ಜಾಕಿ ರಾನ್ ಟರ್ಕಾಟ್ ಹಿಂದೆ ಯಾರಾದರೂ ಬರ್ತಿದ್ದಾರಾ ಅಂತ ನೋಡಲಿಲ್ಲ, ಪಕ್ಕದ ಟೈಮ್ ಬೋರ್ಡ್ ನೋಡಿದ. ಆ ವಿಡಿಯೋ ನೋಡಿದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ. ಬೆಲ್ಮಾಂಟ್ ರೇಸ್‌ನಲ್ಲಿ ಆ ಟೈಮ್ ಇನ್ನೂ ಯಾರೂ ಮುರಿದಿಲ್ಲ.

ಒಟ್ಟು 21 ಓಟ, 16 ಗೆಲುವು. ಮೂರು ವರ್ಷ ವಯಸ್ಸಿಗೇ ರೇಸ್ ಬದುಕು ಮುಗಿಯಿತು. 1989ರಲ್ಲಿ ಸತ್ತಾಗ, ಪರೀಕ್ಷೆ ಮಾಡಿದ ಡಾಕ್ಟರ್ ಅದರ ಹೃದಯ ಸುಮಾರು 10 ಕೆಜಿ ಇರಬಹುದು ಅಂತ ಅಂದಾಜು ಮಾಡಿದರು. ಮಾಮೂಲಿ ಕುದುರೆಯ ಹೃದಯಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಎಲ್ಲರೂ ಆ ಹೃದಯದ ಬಗ್ಗೆನೇ ಹೇಳುತ್ತಾರೆ. ನಾನು ಮಾತ್ರ ಆ ಬಾಯಿಯ ಕುರುವನ್ನ ಮರೆಯಲ್ಲ.

ನೀವು ಮೈಸೂರಿನಲ್ಲಿ ರೇಸ್ ನೋಡೋಕೆ ಹೋದರೆ, ಓಟಕ್ಕೆ ಮುಂಚೆ ಕುದುರೆಗಳನ್ನು ಪ್ಯಾಡಕ್‌ನಲ್ಲಿ ಸುತ್ತಾಡಿಸುತ್ತಾರಲ್ಲ, ಅಲ್ಲಿ ನಿಲ್ಲಿ. ಕುದುರೆ ಪದೇ ಪದೇ ತಲೆ ಒದರುತ್ತಿದೆಯಾ, ಬಾಯಿ ತೆರೆದು ಕಡಿವಾಣ ತಳ್ಳುತ್ತಿದೆಯಾ, ಅದನ್ನ ನೋಡಿಕೊಳ್ಳೋ ಸೈಸ್ ಕತ್ತು ಸವರಿದಾಗ ಸುಮ್ಮನಾಗುತ್ತಾ ಅಂತ ನೋಡಿ.