ಸಾಲ್ಮನ್ ಮೈಯಲ್ಲಿ ಅಡಗುವ ಹರ್ಪಿಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಹರ್ಪಿಸ್ ಅಂದ ಕೂಡಲೇ ತುಟಿಯ ಮೇಲೆ ಏಳುವ ಗುಳ್ಳೆಯೋ, ಸರ್ಪಸುತ್ತೋ ನೆನಪಾಗುತ್ತದೆ ಅಲ್ವಾ? ಮೀನುಗಳಿಗೂ ಹರ್ಪಿಸ್ ಬರುತ್ತದೆ. ಸಾಲ್ಮನ್, ಟ್ರೌಟ್‌ಗಳಂಥ ತಣ್ಣೀರಿನ ಮೀನುಗಳಿಗೆ ಅಂಟುವ ವೈರಸ್‌ಗಳದ್ದೇ ಒಂದು ಗುಂಪಿದೆ. ನಮ್ಮ ಹರ್ಪಿಸ್ ಜೊತೆ ಇವಕ್ಕಿರುವುದು ಬಹಳ ದೂರದ ನಂಟು. ಇವು ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ.

1978ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಮಾಸು ಸಾಲ್ಮನ್ ಮೀನಿನಲ್ಲಿ ಇಂಥದ್ದೊಂದು ವೈರಸ್ ಸಿಕ್ಕಿತು. ಸೋಂಕು ತಗುಲಿದ ಮರಿಗಳು ಮೇವು ಬಿಡುತ್ತವೆ. ಕಣ್ಣು ಊದಿ ಹೊರಚಾಚುತ್ತದೆ. ಲಿವರ್ ಮೇಲೆ ಬಿಳಿ ಚುಕ್ಕೆಗಳು ಏಳುತ್ತವೆ. ಚಿಕ್ಕ ಮರಿಗಳಂತೂ ರಾಶಿ ರಾಶಿ ಸಾಯುತ್ತವೆ. ಬದುಕಿದವು ಗೆದ್ದವು ಅಂದುಕೊಂಡರೆ, ಕೆಲವು ತಿಂಗಳ ಮೇಲೆ ಅವುಗಳ ಬಾಯಿಯ ಸುತ್ತ ಗಡ್ಡೆ ಬೆಳೆಯುತ್ತದೆ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ರೋಗ ವಾಸಿಯಾಗಿರುವುದಿಲ್ಲ, ಅಡಗಿರುತ್ತದೆ ಅಷ್ಟೇ.

ಅಡಗಿದ್ದು ಹೊರಬರುವುದು ಮೀನು ಮೊಟ್ಟೆ ಇಡುವ ಕಾಲಕ್ಕೆ. ಮೊಟ್ಟೆಯ ಜೊತೆ ಬರುವ ದ್ರವದಲ್ಲಿ ವೈರಸ್ ಇರುತ್ತದೆ. ಹಾಗಾಗಿ ಮೊಟ್ಟೆಗಳನ್ನು ಅಯೋಡಿನ್ ಬೆರೆಸಿದ ದ್ರಾವಣದಲ್ಲಿ ತೊಳೆದು, ವೈರಸ್ ಇಲ್ಲದ ನೀರಿನಲ್ಲಿ ಮರಿ ಬೆಳೆಸುವ ಪದ್ಧತಿ ಬಂತು. ಗಾಯಕ್ಕೆ ಹಚ್ಚುವ ಅದೇ ಅಯೋಡಿನ್! ಇಷ್ಟು ಸರಳ ಕೆಲಸದಿಂದ ರೋಗ ಹತೋಟಿಗೆ ಬಂತು.

ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ಕಡೆ ಕಥೆ ಇನ್ನೂ ಕಠಿಣ. ಅತಿಯಾದ ಮೀನುಗಾರಿಕೆ, ಬೇರೆ ಮೀನುಗಳ ರಕ್ತ ಹೀರುವ ಲ್ಯಾಂಪ್ರೆ ಎಂಬ ಹಾವಿನಾಕಾರದ ಮೀನು, ಎರಡೂ ಸೇರಿ ಅಲ್ಲಿನ ಲೇಕ್ ಟ್ರೌಟ್ ಮೀನನ್ನು ಬರಿದು ಮಾಡಿದ್ದವು. ಮತ್ತೆ ತುಂಬಿಸಲೆಂದು ಹ್ಯಾಚರಿಗಳಲ್ಲಿ ಮರಿ ಸಾಕುತ್ತಿದ್ದರು. 1980ರ ದಶಕದಲ್ಲಿ ಅವೇ ಮರಿಗಳು ಲಕ್ಷಗಟ್ಟಲೆ ಸತ್ತವು. ಮೈಮೇಲೆ ಬೂದುಬಣ್ಣದ ಕಲೆ, ತಿರುಚಿಕೊಂಡು ಸುತ್ತುವ ಈಜು. ಇದೇ ಗುಂಪಿನ ಇನ್ನೊಂದು ವೈರಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು, ಆದರೆ ಲ್ಯಾಬಿನಲ್ಲಿ ಸಾಕಿದ ಜೀವಕೋಶಗಳಲ್ಲಿ ಬೆಳೆಯಲಿಲ್ಲ. ಬೆಳೆಯದ ವೈರಸ್ಸನ್ನು ಪತ್ತೆ ಹಚ್ಚುವುದೇ ದೊಡ್ಡ ತಲೆನೋವು. ಕೊನೆಗೆ ಹ್ಯಾಚರಿಗಳನ್ನು ಖಾಲಿ ಮಾಡಿ, ತೊಳೆದು ಶುದ್ಧಿ ಮಾಡಬೇಕಾಯಿತು.

ಈಗ ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆ ಬಂದಿದೆ. ಮೇಲುನೋಟಕ್ಕೆ ಚೆನ್ನಾಗಿರುವ ಮೀನಿನಲ್ಲೂ ಇಂಥ ವೈರಸ್ ಇದ್ದರೆ ಪತ್ತೆ ಮಾಡಬಹುದು. ಹ್ಯಾಚರಿಯವರು ತಾಯಿಮೀನುಗಳನ್ನು ಹೀಗೆ ನೋಡಿಕೊಂಡರೆ, ಯಾವ ಮೊಟ್ಟೆ ಇಟ್ಟುಕೊಳ್ಳಬೇಕು, ಯಾವುದು ಬೇಡ ಅಂತ ಮೊದಲೇ ತೀರ್ಮಾನಿಸಬಹುದು.

ನಮಸ್ಕಾರ.